ಜೀಪಿನ ಕಮಾನು ಪಟ್ಟಿಯ ಬೋಲ್ಟುಗಳು ಸಡಿಲವಾಗದಂತೆ ನೋಡಿಕೊಳ್ಳುವುದು

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರದ ಉಪನ್ಯಾಸಕನಿಗೆ ನಟ್ಟು ಬೋಲ್ಟಿನ ಉಸಾಬರಿ ಏಕೆ ಎಂದು ತಮಗೆ ಅನ್ನಿಸಬಹುದು. ಕಾರಣವಿದೆ. 2016ರಲ್ಲಿ ಮಳೆಗಾಲ ಮುಗಿದ ಮೇಲೆ ಮಲೆನಾಡಿನ ಒಂದು ತೋಟದಿಂದ ಮಣ್ಣಿನ ಮಾದರಿಗಳನ್ನು ತೆಗೆದುಕೊಂಡು ತೋಟದವರ ಜೀಪಿನಲ್ಲಿ ಬರುತ್ತಿದ್ದೆ. ಗೊಬ್ಬರದ ಮೂಟೆ ಹೆಚ್ಚು ಹೇರಲೆಂದು ಎರಡು ವಾರದ ಹಿಂದಷ್ಟೇ ಅದರ ಹಿಂದಿನ ಕಮಾನುಗಳಿಗೆ ಒಂದೊಂದು ಪಟ್ಟಿ ಸೇರಿಸಿದ್ದರು. ಇಳಿಜಾರಿನಲ್ಲಿ ಗಾಡಿ ಇದ್ದಕ್ಕಿದ್ದಂತೆ ಒಂದು ಪಕ್ಕಕ್ಕೆ ಎಳೆಯತೊಡಗಿತು. ಚಾಲಕರು ಅದನ್ನು ದರೆಗೆ ತಾಗಿಸಿ ನಿಲ್ಲಿಸಿದರು. ಇನ್ನೊಂದು ಪಕ್ಕ ಪ್ರಪಾತವಿತ್ತು. ಬಗ್ಗಿ ನೋಡಿದರೆ ಯು-ಬೋಲ್ಟಿನ ನಟ್ಟುಗಳು ಕೈಯಲ್ಲೇ ತಿರುಗುತ್ತಿದ್ದವು. ಸೆಂಟರ್ ಬೋಲ್ಟು ತುಂಡಾಗಿ, ಆಕ್ಸಲ್ ಎರಡು ಬೆರಳಿನಷ್ಟು ಹಿಂದೆ ಸರಿದಿತ್ತು.

ಸಡಿಲವಾಗಲು ಕಾರಣವೇನು?

ಬೋಲ್ಟನ್ನು ಬಿಗಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ. ಮತ್ತೆ ಕುಗ್ಗಲು ಅದು ಎಳೆಯುವ ಶಕ್ತಿಯೇ ಪಟ್ಟಿಗಳನ್ನೂ ಆಕ್ಸಲನ್ನೂ ಒತ್ತಿ ಹಿಡಿಯುತ್ತದೆ. ಸೆಂಟರ್ ಬೋಲ್ಟು ಇರುವುದು ಸ್ಥಾನ ತೋರಿಸುವುದಕ್ಕೆ ಮಾತ್ರ. ಯು-ಬೋಲ್ಟು ಸಡಿಲವಾದರೆ ಭಾರವೆಲ್ಲ ಅದರ ಮೇಲೆ ಬಿದ್ದು ಅದು ಮುರಿಯುತ್ತದೆ.

ಈ ಬಿಗಿ ಎರಡು ರೀತಿಯಲ್ಲಿ ಹೋಗುತ್ತದೆ. ಮೊದಲನೆಯದು, ಹೊಸ ಪಟ್ಟಿಗಳ ನಡುವಿನ ಬಣ್ಣ, ತುಕ್ಕು, ಮಣ್ಣು ಕೆಲವು ದಿನಗಳಲ್ಲಿ ಅಮುಕಿ ತೆಳುವಾಗುತ್ತವೆ. ನಟ್ಟು ತಿರುಗದಿದ್ದರೂ ಹಿಡಿತ ಕಡಿಮೆಯಾಗುತ್ತದೆ. ಎರಡನೆಯದು, ಹಿಡಿತ ಕಡಿಮೆಯಾದಾಗ ಭಾಗಗಳು ಅಡ್ಡಡ್ಡ ಜಾರತೊಡಗುತ್ತವೆ. ಹೀಗೆ ಅಡ್ಡ ಜಾರಿದರೆ ನಟ್ಟು ತಾನಾಗಿಯೇ ಬಿಚ್ಚಿಕೊಳ್ಳುತ್ತದೆಂಬುದನ್ನು ಜರ್ಮನಿಯ ಇಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗದಿಂದ ತೋರಿಸಿದರು. ಸ್ಪ್ರಿಂಗ್ ವಾಷರ್ ಇದನ್ನು ತಡೆಯಲಾರದು. ಸಾಕಷ್ಟು ಬಿಗಿಯೇ ಮೊದಲ ಮದ್ದು.

ಅನುಸರಿಸಬೇಕಾದ ಕ್ರಮಗಳು

1. ಪಟ್ಟಿ ಸೇರಿಸುವಾಗ ಒಂದಕ್ಕೊಂದು ತಾಗುವ ಜಾಗಗಳ ತುಕ್ಕು, ಮಣ್ಣು, ದಪ್ಪ ಬಣ್ಣವನ್ನು ಕೆರೆದು ತೆಗೆಯಿರಿ.

2. ಹಳೆಯ ಯು-ಬೋಲ್ಟನ್ನೇ ಮತ್ತೆ ಹಾಕಬೇಡಿ. ಪಟ್ಟಿ ಹೆಚ್ಚಿದಂತೆ ಉದ್ದದ ಬೋಲ್ಟು ಬೇಕು. ಬಿಗಿದ ಮೇಲೆ ನಟ್ಟಿನ ಹೊರಗೆ ಎರಡು ಮೂರು ಸುತ್ತು ಥ್ರೆಡ್ಡು ಕಾಣಬೇಕು.

3. ನಾಲ್ಕು ನಟ್ಟುಗಳನ್ನೂ ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಗಾಡಿಯ ಪುಸ್ತಕದಲ್ಲಿ ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಮುಗಿಸಿರಿ. ರಬ್ಬರ್ ಬುಷ್ ಇರುವ ಷಾಕಲ್ ಬೋಲ್ಟುಗಳನ್ನು, ಗಾಡಿ ಚಕ್ರಗಳ ಮೇಲೆ ನಿಂತ ನಂತರವೇ ಪೂರ್ತಿ ಬಿಗಿಯಬೇಕು. ಜಾಕಿನ ಮೇಲಿರುವಾಗ ಬಿಗಿದರೆ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ.

4. ನೈಲಾನ್ ಉಂಗುರದ ನಟ್ಟನ್ನು ಒಮ್ಮೆ ಬಿಚ್ಚಿದರೆ ಹೊಸದು ಹಾಕಿರಿ. ಸ್ಪ್ಲಿಟ್ ಪಿನ್ನಿನ ತೂತು ಸರಿಹೊಂದದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿಯಿರಿ, ಸಡಿಲಿಸಬೇಡಿ. ನಟ್ಟಿಗೆ ವೆಲ್ಡಿಂಗ್ ಮಾಡಿಸಬೇಡಿ; ಕಾವಿಗೆ ಬೋಲ್ಟಿನ ಹದ ಕೆಡುತ್ತದೆ.

5. ಎಲ್ಲಕ್ಕಿಂತ ಮುಖ್ಯವಾದದ್ದು ಮರುಬಿಗಿತ. ಮೊದಲ 100 ಕಿಲೋಮೀಟರ್ ಓಡಿದ ಮೇಲೊಮ್ಮೆ, 500 ಆದ ಮೇಲೆ ಇನ್ನೊಮ್ಮೆ ಬಿಗಿ ನೋಡಿರಿ. ಆಮೇಲೆ ಪ್ರತಿ ಮಳೆಗಾಲದ ನಂತರವೂ ನೋಡಿರಿ. ನಟ್ಟು ಮತ್ತು ಬೋಲ್ಟಿನ ಮೇಲೆ ಬಣ್ಣದ ಗೆರೆ ಎಳೆದರೆ ನಟ್ಟು ತಿರುಗಿದ್ದು ಗೊತ್ತಾಗುತ್ತದೆ. ಆದರೆ ತಿರುಗದೆಯೇ ಕಡಿಮೆಯಾದ ಬಿಗಿ ಗೆರೆಯಲ್ಲಿ ಕಾಣುವುದಿಲ್ಲ. ರೆಂಚು ಹಾಕಿಯೇ ನೋಡಬೇಕು.

ನಟ್ಟಿನ ಬುಡದಲ್ಲಿ ಕೆಂಪು ತುಕ್ಕಿನ ಪುಡಿ ಕಂಡರೆ, ಹಳ್ಳ ಹತ್ತಿಳಿಯುವಾಗ ಟಕ್ ಎಂಬ ಸದ್ದು ಬಂದರೆ ಎಚ್ಚರ. ಒಂದೇ ನಟ್ಟು ಪದೇ ಪದೇ ಸಡಿಲವಾದರೆ ಬಿಗಿಯುತ್ತಲೇ ಇರಬೇಡಿ. ಪಟ್ಟಿ ಮುರಿದಿದೆಯೋ, ಥ್ರೆಡ್ಡು ಸವೆದಿದೆಯೋ ಬಿಚ್ಚಿ ನೋಡಿಸಿರಿ.

ನಮ್ಮ ಹಿರಿಯರು ಎತ್ತು ಹೂಡುವ ಮೊದಲು ಗಾಡಿಯ ಕಡಾಣಿಯನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದರು. ಜೀಪು ಕೊಂಡ ನಾವು ಆ ಅಭ್ಯಾಸ ಬಿಟ್ಟಿದ್ದೇವೆ. ಊರಿಗೆ ಮರಳಿದ ಮೇಲೆ ತಮ್ಮ ಗಾಡಿಯ ಕೆಳಗೆ ಒಮ್ಮೆ ಬಗ್ಗಿ ನೋಡಿರೆಂದು ಕೇಳಿಕೊಂಡು ಮಾತು ಮುಗಿಸುತ್ತೇನೆ.