ಕೆರೆಯ ಮೇಲಿನ ಆಕಾಶ



ಕೆರೆ ಉಳಿಸುವ ಮಾತು ಬಂದಾಗಲೆಲ್ಲ ನಾವು ಹೂಳು, ಒತ್ತುವರಿ, ರಾಜಕಾಲುವೆಯ ಕೊಳಚೆ ಎನ್ನುತ್ತೇವೆ. ಆ ಮೂರೂ ನಿಜ, ನಮ್ಮ ಊರುಗಳ ಮಟ್ಟಿಗೆ ಅವೇ ಮೊದಲ ಶತ್ರುಗಳು. ಆದರೆ ಕೆರೆಗೆ ನೀರು ಕಾಲುವೆಯಿಂದ ಮಾತ್ರ ಬರುವುದಿಲ್ಲ, ಮೇಲಿನಿಂದಲೂ ಬೀಳುತ್ತದೆ. ಹಾಗೆ ಬೀಳುವಾಗ ಗಾಳಿಯಲ್ಲಿರುವುದನ್ನು ತೊಳೆದು ತರುತ್ತದೆ. ಆದ್ದರಿಂದ ಆಕಾಶವೂ ಕೆರೆಯ ಜಲಾನಯನ ಪ್ರದೇಶವೇ ಎಂಬುದು ಇಂದಿನ ನನ್ನ ವಾದ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಕೆರೆ ಸಂರಕ್ಷಣೆ ಅರ್ಧ ಕೆಲಸ.

ಕಲ್ಲಿದ್ದಲು ಸುಟ್ಟಾಗ ಗಂಧಕದ ಡೈಆಕ್ಸೈಡ್ ಹೊರಡುತ್ತದೆ. ವಾಹನಗಳ ಎಂಜಿನ್ನುಗಳಿಂದ, ವಿದ್ಯುತ್ ಸ್ಥಾವರಗಳ ಬಿಸಿ ಕುಲುಮೆಗಳಿಂದ ಸಾರಜನಕದ ಆಕ್ಸೈಡುಗಳು ಬರುತ್ತವೆ. ಗಾಳಿಯಲ್ಲಿ ಇವು ಗಂಧಕಾಮ್ಲ, ನೈಟ್ರಿಕ್ ಆಮ್ಲಗಳಾಗಿ ಮಳೆಯೊಡನೆ ಇಳಿಯುತ್ತವೆ. ಬ್ರಿಟನ್ನಿನ ರಾಬರ್ಟ್ ಆಂಗಸ್ ಸ್ಮಿತ್ 1872ರಲ್ಲೇ ಆಮ್ಲಮಳೆಯ ಬಗ್ಗೆ ಬರೆದಿದ್ದರು. ಲೋಕ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲು ಸುಮಾರು ನೂರು ವರ್ಷ ಬೇಕಾಯಿತು. ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನ ಕಾಡಿನಲ್ಲಿ 1963ರಲ್ಲಿ ಜೀನ್ ಲೈಕೆನ್ಸ್ ಮತ್ತು ಸಂಗಡಿಗರು ಮಳೆನೀರನ್ನು ಅಳೆದಾಗ ಅದರ ಆಮ್ಲೀಯತೆ ತಿಳಿಸುವ ಪಿಎಚ್ 4ರ ಆಸುಪಾಸಿನಲ್ಲಿತ್ತು. ಶುದ್ಧ ಮಳೆಯದು ಸುಮಾರು 5.6. ಈ ಮಾಪನದಲ್ಲಿ ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ. 1967ರಲ್ಲಿ ಸ್ವೀಡನ್ನಿನ ಮಣ್ಣುವಿಜ್ಞಾನಿ ಸ್ವಾಂಟೆ ಒಡೆನ್, ತಮ್ಮ ದೇಶದ ಮಳೆಯಲ್ಲಿರುವ ಆಮ್ಲದ ಬೇರು ಬ್ರಿಟನ್ ಮತ್ತು ಮಧ್ಯ ಯುರೋಪಿನ ಚಿಮಣಿಗಳಲ್ಲಿದೆ ಎಂದು ಪತ್ರಿಕೆಯಲ್ಲಿ ಬರೆದು ಜನರನ್ನು ಎಚ್ಚರಿಸಿದರು.

ಒಂದೇ ಮಳೆ ಎಲ್ಲ ಸರೋವರಗಳನ್ನೂ ಒಂದೇ ರೀತಿ ಕೆಡಿಸುವುದಿಲ್ಲ. ತಳದಲ್ಲಿ ಸುಣ್ಣಕಲ್ಲಿದ್ದರೆ ಅದು ಆಮ್ಲವನ್ನು ತಿಂದುಹಾಕುತ್ತದೆ. ಸ್ವೀಡನ್, ನಾರ್ವೆ, ಪೂರ್ವ ಕೆನಡಾಗಳಲ್ಲಿ ಇರುವುದು ಹೆಚ್ಚಾಗಿ ಗ್ರಾನೈಟ್, ಮೇಲೆ ತೆಳುವಾದ ಮಣ್ಣು. ಅಲ್ಲಿ ಆಮ್ಲವು ಮಣ್ಣಿನಲ್ಲಿ ಅಡಗಿದ್ದ ಅಲ್ಯೂಮಿನಿಯಮ್ಮನ್ನು ಕರಗಿಸಿ ನೀರಿಗೆ ತರುತ್ತದೆ. ಅದು ಮೀನಿನ ಕಿವಿರಿಗೆ ಅಂಟಿಕೊಂಡು ಉಸಿರಾಟವನ್ನೇ ಕೆಡಿಸುತ್ತದೆ.

ಈ ಹಾನಿ ಯಾವ ಕ್ರಮದಲ್ಲಿ ಆಗುತ್ತದೆ ಎಂಬುದನ್ನು ತೋರಿಸಿದ್ದು ಕೆನಡಾದ ಒಂದು ಪುಟ್ಟ ಸರೋವರ. ಅದಕ್ಕೆ ಹೆಸರಿಲ್ಲ, ಅಂಕಿ ಮಾತ್ರ: ಸರೋವರ 223. ವಾಯವ್ಯ ಆಂಟೇರಿಯೊದ ಪ್ರಾಯೋಗಿಕ ಸರೋವರ ಪ್ರದೇಶದಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1976ರಿಂದ ಅದಕ್ಕೆ ಅಳೆದಳೆದು ಗಂಧಕಾಮ್ಲ ಸೇರಿಸುತ್ತ ಹೋದರು. ಮೊದಲಿಗೆ 6.8ರ ಸುಮಾರಿನಲ್ಲಿದ್ದ ಪಿಎಚ್ 1983ರ ಹೊತ್ತಿಗೆ 5ಕ್ಕೆ ಇಳಿಯಿತು. ಅಲ್ಲಿನ ದೊಡ್ಡ ಮೀನು ಲೇಕ್ ಟ್ರೌಟ್. ಅದು ಮೊದಲು ಸಾಯಲಿಲ್ಲ. ಪಿಎಚ್ 6ಕ್ಕಿಂತ ಕೆಳಗಿಳಿಯುತ್ತಲೇ ಮೈಸಿಸ್ ಎಂಬ ಸಿಗಡಿಯಂಥ ಪುಟ್ಟ ಜೀವಿ ಕಾಣೆಯಾಯಿತು, ಮಿನ್ನೋ ಎಂಬ ಸಣ್ಣ ಮೀನು ಮರಿ ಮಾಡುವುದನ್ನು ನಿಲ್ಲಿಸಿತು. ಸಿಹಿನೀರಿನ ಕ್ರೇಫಿಶ್ ಪೊರೆ ಕಳಚಿದ ಮೇಲೆ ಹೊಸ ಚಿಪ್ಪು ಗಟ್ಟಿಯಾಗಲು ತಿಣುಕಿತು. ಟ್ರೌಟ್ ಬದುಕಿಯೇ ಇತ್ತು, ತಿನ್ನಲು ಏನೂ ಇರಲಿಲ್ಲ. ಕೆಲವೇ ವರ್ಷಗಳ ಅಂತರದಲ್ಲಿ ತೆಗೆದ ಎರಡು ಚಿತ್ರಗಳಿವೆ. ಮೊದಲನೆಯದರಲ್ಲಿ ಮೈತುಂಬಿದ ಮೀನು. ಎರಡನೆಯದರಲ್ಲಿ ತಲೆ ಮಾತ್ರ ದೊಡ್ಡದಾಗಿ ಕಾಣುವ, ಹೊಟ್ಟೆ ಬೆನ್ನಿಗೆ ಹತ್ತಿದ ಮೀನು.

ಆ ವರ್ಷಗಳಲ್ಲಿ ದಡದಲ್ಲಿ ನಿಂತು ನೋಡಿದವರಿಗೆ ನೀರು ತಿಳಿಯಾಗಿಯೇ ಕಾಣುತ್ತಿತ್ತು, ಬಲೆಗೆ ದೊಡ್ಡ ಮೀನೂ ಬೀಳುತ್ತಿತ್ತು. ಅಪಾಯ ಕಣ್ಣಿಗೆ ಬೀಳುವ ಹೊತ್ತಿಗೆ ಆಹಾರದ ಸರಪಳಿ ಕಡಿದು ಆಗಿತ್ತು. ನಾವು ಗಮನಿಸಬೇಕಾದದ್ದು ಸಣ್ಣ ಜೀವಿಗಳನ್ನು, ಸತ್ತ ಮೀನು ತೇಲುವುದನ್ನಲ್ಲ.

ಇನ್ನು ಕಡಲತೀರ. ಸಮುದ್ರದಂಚಿನ ನೀರನ್ನು ಹೆಚ್ಚು ಕಾಡುವುದು ಸಾರಜನಕ. ಅಮೆರಿಕದ ಪೂರ್ವ ಕರಾವಳಿಯ ಚೆಸಪೀಕ್ ಕೊಲ್ಲಿಗೆ ಸೇರುವ ಸಾರಜನಕದಲ್ಲಿ ಸುಮಾರು ಮೂರನೇ ಒಂದು ಭಾಗ ಗಾಳಿಯಿಂದ ಬಂದದ್ದು ಎಂದು ಅಂದಾಜಿಸಿದ್ದಾರೆ. ಕೊಲ್ಲಿಗೆ ನದಿಗಳು ಹರಿದುಬರುವ ಪ್ರದೇಶ ಸುಮಾರು 1,66,000 ಚದರ ಕಿಲೋಮೀಟರ್. ಗಾಳಿ ಕೊಳೆ ಹೊತ್ತುತರುವ ಪ್ರದೇಶ ಅದರ ಸುಮಾರು ಒಂಬತ್ತು ಪಟ್ಟು. ಈ ಸಾರಜನಕ ಗೊಬ್ಬರವಾಗಿ ಪಾಚಿ ಉಕ್ಕುತ್ತದೆ. ಬಿಸಿಲು ಸಿಗದೆ ಕಡಲಹುಲ್ಲು ಸಾಯುತ್ತದೆ. ಪಾಚಿ ಕೊಳೆಯುವಾಗ ತಳದ ಆಮ್ಲಜನಕ ಮುಗಿಯುತ್ತದೆ. ಓಡಲಾಗದ ಸಿಂಪಿ, ಕಪ್ಪೆಚಿಪ್ಪುಗಳು ಇದ್ದಲ್ಲೇ ಸಾಯುತ್ತವೆ.

ಪಾದರಸದ್ದು ಇನ್ನೂ ಗುಟ್ಟಿನ ದಾರಿ. ಕಲ್ಲಿದ್ದಲ ಹೊಗೆಯೊಡನೆ ಹೊರಟು ಕೆರೆಗೆ ಬಿದ್ದ ಪಾದರಸವನ್ನು ತಳದ ಬ್ಯಾಕ್ಟೀರಿಯಾಗಳು ಮಿಥೈಲ್ ಪಾದರಸ ಮಾಡುತ್ತವೆ. ಅದು ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಸಾಂದ್ರವಾಗುತ್ತ ಹೋಗಿ ಊಟದ ತಟ್ಟೆಗೆ ಬರುತ್ತದೆ. ನೀರಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ಕೆರೆಯ ಮೀನು ಬಸುರಿಗೆ ಹಿತವಲ್ಲದಿರಬಹುದು.

ನಮ್ಮ ಸಂಗತಿ ಏನು? ಭಾರತದ ಬಹುಭಾಗದಲ್ಲಿ ಗಾಳಿಯ ಧೂಳಿನಲ್ಲಿರುವ ಕ್ಯಾಲ್ಸಿಯಂ ಮಳೆಯ ಆಮ್ಲವನ್ನು ಬಹುಮಟ್ಟಿಗೆ ತಣಿಸಿದೆ. ಆದರೆ ಧೂಳನ್ನು ಕಾವಲಿಗಿಟ್ಟು ನಿಶ್ಚಿಂತರಾಗುವಂತಿಲ್ಲ, ಆ ಧೂಳೇ ನಮ್ಮ ಶ್ವಾಸಕೋಶಕ್ಕೆ ವಿಷ. ಧೂಳನ್ನು ತಗ್ಗಿಸಿ ಗಂಧಕವನ್ನು ಬಿಟ್ಟರೆ ಆಮ್ಲಕ್ಕೆ ತಡೆ ಉಳಿಯುವುದಿಲ್ಲ. ಕರ್ನಾಟಕದ ನೆಲದಡಿಯೂ ಬಹುಪಾಲು ಗ್ರಾನೈಟ್ ಮತ್ತು ನೈಸ್ ಶಿಲೆಗಳೇ. ರಾಯಚೂರು, ಬಳ್ಳಾರಿ, ಉಡುಪಿ ಜಿಲ್ಲೆಗಳಲ್ಲಿ ಕಲ್ಲಿದ್ದಲ ಸ್ಥಾವರಗಳಿವೆ. ಇಂಥ ಸ್ಥಾವರಗಳ ಗಂಧಕಕ್ಕೆ ಕೇಂದ್ರ ಪರಿಸರ ಸಚಿವಾಲಯ 2015ರಲ್ಲಿ ಮಿತಿ ಹಾಕಿತು. ಗಡುವು ಮತ್ತೆ ಮತ್ತೆ ಮುಂದೆ ಹೋಗಿ, 2025ರ ಜುಲೈನಲ್ಲಿ ದೇಶದ ಹೆಚ್ಚಿನ ಸ್ಥಾವರಗಳಿಗೆ ಆ ಮಿತಿಯಿಂದ ವಿನಾಯಿತಿಯೇ ಸಿಕ್ಕಿತು. ಇದು ತಪ್ಪು ದಾರಿ ಎಂದು ನಾನು ಈ ವೇದಿಕೆಯಿಂದ ಸ್ಪಷ್ಟವಾಗಿ ಹೇಳುತ್ತೇನೆ.

ಏಕೆಂದರೆ ತಡೆದರೆ ಫಲವಿದೆ. ಅಮೆರಿಕ 1990ರಲ್ಲಿ ಕಾನೂನು ಬಿಗಿಗೊಳಿಸಿದ ಮೇಲೆ ಅಲ್ಲಿನ ಸ್ಥಾವರಗಳ ಗಂಧಕ ಶೇಕಡಾ 90ಕ್ಕೂ ಹೆಚ್ಚು ಇಳಿದಿದೆ, ಆಡಿರಾಂಡಾಕ್ ಬೆಟ್ಟಗಳ ಸರೋವರಗಳು ನಿಧಾನವಾಗಿ ಚೇತರಿಸಿಕೊಳ್ಳುತ್ತಿವೆ. ಸರೋವರ 223ರಲ್ಲಿ ಆಮ್ಲ ಕಡಿಮೆ ಮಾಡಿದ ಮೇಲೆ ಕೆಲವು ಮೀನುಗಳು ಮತ್ತೆ ಮರಿ ಮಾಡಿದವು.

ನನ್ನ ಕೋರಿಕೆಗಳು ಮೂರು. ಕೆರೆಯ ನೀರನ್ನು ಪರೀಕ್ಷಿಸುವ ಕಡೆಯಲ್ಲೆಲ್ಲ ಮಳೆಯನ್ನೂ ಪರೀಕ್ಷಿಸಿ. ಆ ಅಂಕಿಗಳನ್ನು ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲಿ ಹಾಕಿ. ಚಿಮಣಿಗೆ ಅನುಮತಿ ಕೊಡುವಾಗ ಗಾಳಿ ಬೀಸುವ ದಿಕ್ಕಿನ ಕೆರೆ, ಅಳಿವೆಗಳ ಜನರನ್ನೂ ಕೇಳಿ. ಕೆರೆಯ ಏರಿ ಕಟ್ಟಿದವರು ತಮ್ಮ ಕಾಲಕ್ಕೆ ತಿಳಿದಿದ್ದ ಅಪಾಯಗಳಿಂದ ನೀರನ್ನು ಕಾದರು. ನಮ್ಮ ಕಾಲಕ್ಕೆ ತಿಳಿದಿರುವ ಅಪಾಯದಿಂದ ಅದನ್ನು ಕಾಯುವುದು ನಮ್ಮ ಪಾಲಿನ ಕೆಲಸ.