ಮಕ್ಕಳ ಸಂತೆಯಲ್ಲಿ ಹಣದ ಪಾಠ



ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯ ಕಡೆ ರಾಗಿ ಹೊಲದ ಅವರೆ ಸಾಲನ್ನು ಗುರುತಿಸದ ಮಗುವಿಲ್ಲ. ಆದರೆ ಒಂದು ಕಿಲೋ ಅವರೆಕಾಯಿ ಮಾರಿದರೆ ಉಳಿಯುವುದೆಷ್ಟು ಎಂದು ಕೇಳಿದರೆ ಮಕ್ಕಳಿರಲಿ, ದೊಡ್ಡವರೂ ತಡವರಿಸುವುದುಂಟು.

ಹಿಂದೆ ಮಕ್ಕಳು ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುತ್ತಿದ್ದರು. ಈಗ ಹಿರಿಯರು ಮೊಬೈಲ್ ಫೋನಿನಲ್ಲೇ ಹಣ ಕೊಡುವುದರಿಂದ, ಹಣ ಕೈಬಿಟ್ಟು ಹೋಗುವುದು ಮಗುವಿನ ಕಣ್ಣಿಗೆ ಬೀಳುವುದಿಲ್ಲ. ಆದಕಾರಣ ಶಾಲೆಯಲ್ಲಿ ನಾಣ್ಯ ಹಿಡಿಸಿಯೇ ಕಲಿಸಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಿಂದಾಗಿ, ಮಾಡಿ ಕಲಿಯುವುದು ಸರ್ಕಾರಿ ಶಾಲೆಗಳಿಗೆ ಹೊಸದಲ್ಲ.

ಚಿಕ್ಕ ತರಗತಿಗಳಿಗೆ ರಟ್ಟಿನ ನಾಣ್ಯಗಳು ಸಾಕು. 1, 2 ಮತ್ತು 5 ರೂಪಾಯಿ ನಾಣ್ಯಗಳಿಂದ 10 ರೂಪಾಯಿ ಕೂಡಿಸಲು ಹತ್ತು ಬಗೆಗಳಿವೆ. ಅವನ್ನು ಮಕ್ಕಳೇ ನಾಣ್ಯ ಜೋಡಿಸಿ ಕಂಡುಕೊಳ್ಳಲಿ. ಅನಂತರ ಚಿಲ್ಲರೆ ಕೊಡುವುದನ್ನು ರೂಢಿ ಮಾಡಿಸಬೇಕು.

ದೊಡ್ಡ ತರಗತಿಗಳಿಗೆ ಮಕ್ಕಳ ಸಂತೆ ಉತ್ತಮ. ರಾಜ್ಯದ ಅನೇಕ ಶಾಲೆಗಳಲ್ಲಿ ಇದು ನಡೆಯುತ್ತಿದೆ. ಮಕ್ಕಳು ಮನೆಯಿಂದ ಸೊಪ್ಪು, ತರಕಾರಿ, ತೆಂಗಿನಕಾಯಿ ತಂದು ತೂಗಿ ಮಾರುತ್ತಾರೆ. ಆದರೆ ಮಾರಾಟ ಮುಗಿದೊಡನೆ ಪಾಠ ಮುಗಿಯಬಾರದು.

ಉದಾಹರಣೆಗೆ, ಒಬ್ಬ ಹುಡುಗಿ 5 ಕಿಲೋ ಅವರೆಕಾಯಿ ತಂದು, ಕಿಲೋಗೆ 40 ರೂಪಾಯಿಯಂತೆ ನಾಲ್ಕೂವರೆ ಕಿಲೋ ಮಾರಿದಳೆನ್ನಿ. ಕೈಗೆ ಬಂದದ್ದು 180 ರೂಪಾಯಿ. ಅದೆಲ್ಲ ಲಾಭವೆಂದು ಅವಳು ಹಿಗ್ಗುವುದು ಸಹಜ. ಆಗ ಉಪಾಧ್ಯಾಯರು ಕೇಳಬೇಕು: “ಅಪ್ಪ ಅದೇ ಕಾಯನ್ನು ಮಾರುಕಟ್ಟೆಗೆ ಹಾಕಿದ್ದರೆ?” ಕಿಲೋಗೆ 30ರಂತೆ 150 ರೂಪಾಯಿ ಬರುತ್ತಿತ್ತು. ಕಾಗದದ ಪೊಟ್ಟಣಕ್ಕೆ 10 ರೂಪಾಯಿ ಖರ್ಚು. ಉಳಿದದ್ದು 20 ರೂಪಾಯಿ, ಜೊತೆಗೆ ಮನೆಯ ಸಾರಿಗೆ ಅರ್ಧ ಕಿಲೋ ಕಾಯಿ. ಮನೆಯದು ಎಂದ ಮಾತ್ರಕ್ಕೆ ಅದು ಪುಕ್ಕಟೆಯಲ್ಲ ಎಂಬುದೇ ಇಲ್ಲಿನ ಮುಖ್ಯ ಪಾಠ.

ಇದೇ ತಪ್ಪು ಬೇಸಾಯದಲ್ಲೂ ನಡೆಯುತ್ತದೆ. ಮನೆಯ ಬೀಜ, ತಿಪ್ಪೆಗೊಬ್ಬರ, ಹೆಂಗಸರ ದುಡಿಮೆ ಇವಕ್ಕೆ ಬೆಲೆ ಕಟ್ಟದೆ ಬಂದ ಹಣವನ್ನೆಲ್ಲ ಲಾಭವೆಂದು ಖರ್ಚು ಮಾಡಿದರೆ, ಮುಂದಿನ ಬಿತ್ತನೆಗೆ ಸಾಲವೇ ಗತಿ.

ಸಂತೆಗೆ ಹೋಗುವ ಹಿರಿಯರು ಅಕ್ಕರೆಯಿಂದ ಹೆಚ್ಚು ಹಣ ಕೊಡಬಾರದು. ಚಿಲ್ಲರೆಯನ್ನು ಕೇಳಿ ಪಡೆಯಬೇಕು. ನಷ್ಟವಾದ ಮಗುವನ್ನು ಹಂಗಿಸದೆ, ಎಲ್ಲಿ ಹೋಯಿತೆಂದು ಅದರೊಡನೆ ಕೂತು ನೋಡಬೇಕು. ಸಂಜೆ ಮಗು ಲೆಕ್ಕದ ಪುಸ್ತಕ ಬಿಚ್ಚಿದಾಗ, ಪಕ್ಕದಲ್ಲೇ ಹೊಲದ ಲೆಕ್ಕವನ್ನೂ ಬರೆಯಲು ತೊಡಗಿದರೆ ಮನೆಗೆಲ್ಲ ಪಾಠವಾದೀತು.