ನಮ್ಮ ತವರು, ಇನ್ನೊಬ್ಬಳ ಗಂಡನ ಮನೆ

(ಸ್ವಸಹಾಯ ಸಂಘಗಳ ಒಕ್ಕೂಟದ ಜೂನ್ ತಿಂಗಳ ಸಭೆಯಲ್ಲಿ ಸಿಸ್ಟರ್ ಅವರು ಆಡಿದ ಮಾತುಗಳ ಬರಹರೂಪ)



ಶಾಲೆ ಶುರುವಾಗಿದೆ, ಮಳೆಯೂ ಹಿಡಿದಿದೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಘದ ಸಭೆಗಳಿಗೆ ಹಾಜರಾತಿ ಕಡಿಮೆ ಇತ್ತು ಅಂತ ನಮ್ಮ ಕಾರ್ಯಕರ್ತೆಯರು ವರದಿಯಲ್ಲಿ ಬರೆದಿದ್ದಾರೆ. ಕಾರಣ ಕೇಳಿದರೆ ಎರಡೇ ಉತ್ತರ. ಕೆಲವರು, "ತವರಿಗೆ ಹೋಗಿದ್ದೆ ಸಿಸ್ಟರ್" ಅಂತಾರೆ. ಉಳಿದವರು, "ಮನೆ ತುಂಬ ನೆಂಟರು ಸಿಸ್ಟರ್" ಅಂತಾರೆ. ಇವತ್ತು ಈ ಎರಡು ಉತ್ತರಗಳ ಬಗ್ಗೆಯೇ ಸ್ವಲ್ಪ ಮಾತಾಡೋಣ.

ನಾವು ಕನ್ಯಾಸ್ತ್ರೀಯರಾದರೂ ನಮಗೂ ಒಂದು ತವರು ಉಂಟು. ಈ ಸಲ ಮೇ ತಿಂಗಳಲ್ಲಿ ನನಗೆ 15 ದಿನ ರಜೆ ಸಿಕ್ಕಿತು. ನಮ್ಮ ಮನೆ ಇರುವುದು ಶಂಕರಪುರದ ಕಡೆ, ಮಲ್ಲಿಗೆಯ ಊರು. ಮುಂಬೈಯಿಂದ ಅಕ್ಕ, ಕುವೈತಿನಿಂದ ಅಣ್ಣನ ಸಂಸಾರ, ಕಾರ್ಕಳದಿಂದ ತಂಗಿ, ಎಲ್ಲರೂ ಬಂದಿದ್ದರು. ಮಕ್ಕಳು ಸೇರಿ 14 ಜನ. ಮಾವು, ಹಲಸು, ರಾತ್ರಿ ಜಪಸರದ ಪ್ರಾರ್ಥನೆ, ಆಮೇಲೆ ಅಂಗಳದಲ್ಲಿ ಚಾಪೆ ಹಾಸಿ ಪಟ್ಟಾಂಗ. ನಿಮ್ಮ ಮನೆಗಳಲ್ಲೂ ಹೀಗೇ ಇರುತ್ತದೆ. ತವರಿಗೆ ಬಂದ ಹೆಣ್ಣುಮಗಳಿಗೆ ಅದೊಂದು ನೆರಳು. ಬೆಳಿಗ್ಗೆ ಸ್ವಲ್ಪ ಹೊತ್ತು ಜಾಸ್ತಿ ಮಲಗಿದರೂ ಯಾರೂ ಏನೂ ಅನ್ನುವುದಿಲ್ಲ.

ಆದರೆ ಆ ನೆರಳು ತಾನಾಗಿ ಬರುವುದಿಲ್ಲ. ಒಬ್ಬಳು ಬಿಸಿಲಲ್ಲಿ ನಿಂತರೆ ನಮಗೆ ನೆರಳು. ಅವಳು ಯಾರು? ಆ ಮನೆಯ ಸೊಸೆ. ನಮ್ಮ ಮನೆಯಲ್ಲಿ ನನ್ನ ತಮ್ಮನ ಹೆಂಡತಿ.

ಇದು ನಮ್ಮ ಮನೆಯಲ್ಲಿ ಚರ್ಚೆಗೆ ಬಂದದ್ದು ಹೇಗೆ ಅಂತ ಹೇಳುತ್ತೇನೆ. ಅದೇ ವಾರ ನಮ್ಮ ಚರ್ಚಿನಲ್ಲಿ ಐ.ಸಿ.ವೈ.ಎಂ. ಯುವಜನರಿಗೆ ಮೂರು ದಿನದ ಬೇಸಿಗೆ ಶಿಬಿರ. ಪ್ರಾರ್ಥನೆ, ಹಾಡು, ಆಟ, ಪಿಯುಸಿ ಆದ ಮೇಲೆ ಮುಂದೇನು ಅನ್ನುವ ಮಾಹಿತಿ, ಮೊಬೈಲ್ ಬಳಕೆ, ಹೀಗೆ ಕಾರ್ಯಕ್ರಮಗಳು. "ಊರಲ್ಲೇ ಇದ್ದೀರಲ್ಲ ಸಿಸ್ಟರ್, ಒಂದು ಮಧ್ಯಾಹ್ನ ನೀವು ತೆಗೆದುಕೊಳ್ಳಿ" ಅಂದರು ಧರ್ಮಗುರುಗಳು. ನಾನು ನಮ್ಮ ಸಂಘಗಳ ತರಬೇತಿಯಲ್ಲಿ ಮಾಡಿಸುವ "ದಿನದ ಗಡಿಯಾರ" ಮಾಡಿಸಿದೆ. ನಿಮಗೆ ಗೊತ್ತಿರುವುದೇ. ದೊಡ್ಡ ಹಾಳೆಯಲ್ಲಿ ಒಂದು ವೃತ್ತ, ಅದರಲ್ಲಿ 24 ಭಾಗ. ಯಾವ ಗಂಟೆಯಲ್ಲಿ ಏನು ಕೆಲಸ ಅಂತ ಬರೆಯುವುದು. ಒಂದು ಅಪ್ಪನ ಗಡಿಯಾರ, ಒಂದು ಅಮ್ಮನದು, ಒಂದು ತಮ್ಮದು.

ತಮ್ಮ ಗಡಿಯಾರ ಹತ್ತು ನಿಮಿಷದಲ್ಲಿ ತುಂಬಿತು. ಅಪ್ಪನದೂ ತುಂಬಿತು. ಅಮ್ಮನ ಗಡಿಯಾರಕ್ಕೆ ಬಂದಾಗ ಎಷ್ಟೋ ಹುಡುಗರು "ಅಡುಗೆ" ಅಂತ ಒಂದೇ ಪದ ಬರೆದು, ಪೆನ್ನು ಬಾಯಲ್ಲಿಟ್ಟು ಕೂತರು. ಹತ್ತು ಗಂಟೆಯಿಂದ ನಾಲ್ಕು ಗಂಟೆವರೆಗೆ ಅಮ್ಮ ಏನು ಮಾಡುತ್ತಾರೆ ಅಂತ ಅವರಿಗೆ ಗೊತ್ತಿರಲಿಲ್ಲ. "ಬೈಯುವುದು ಬೇಡ, ಇವತ್ತು ಮನೆಗೆ ಹೋಗಿ ಕೇಳಿ, ನೋಡಿ, ನಾಳೆ ತುಂಬಿಸಿ ತನ್ನಿ" ಅಂದೆ.

ನನ್ನ ತಮ್ಮನ ಮಗನೂ ಆ ಶಿಬಿರದಲ್ಲಿದ್ದ, 19 ವರ್ಷದವನು. ರಾತ್ರಿ ಅಡುಗೆಮನೆಯಲ್ಲಿ ಮಣೆ ಹಾಕಿ ಕೂತು ಅಮ್ಮನನ್ನು ಕೇಳಿಕೊಂಡು ಬರೆದ. ಅವಳು ನಗುತ್ತಾ, "ಇದನ್ನೆಲ್ಲ ಯಾರಾದರೂ ಬರೀತಾರಾ?" ಅನ್ನುತ್ತಲೇ ಹೇಳಿದಳು. ಏಳುವುದು ನಾಲ್ಕೂವರೆಗೆ. ಬೆಳಕು ಹರಿಯುವ ಮೊದಲೇ ಟಾರ್ಚ್ ಹಿಡಿದು ಮಲ್ಲಿಗೆ ಮೊಗ್ಗು ಕೊಯ್ಯಲು. ಆಮೇಲೆ ಎಲ್ಲರ ತಿಂಡಿ. ಬಾಳೆ ನಾರಿನಲ್ಲಿ ಹೂ ಕಟ್ಟುವುದು. 800 ಮೊಗ್ಗು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3,200 ಸಲ ಬೆರಳು ಆಡಬೇಕು. ಹೊತ್ತಿಗೆ ಸರಿಯಾಗಿ ಹೂವಿನ ಏಜೆಂಟರಿಗೆ ಮುಟ್ಟಿಸಬೇಕು. ಮತ್ತೆ 14 ಜನರ ಊಟ, ಪಾತ್ರೆ, ಹಲಸಿನ ಹಪ್ಪಳ, ಸಂಜೆಯ ಚಾ, ಗಿಡಗಳಿಗೆ ನೀರು, ರಾತ್ರಿ ಊಟ. ಮಲಗುವಾಗ ಹನ್ನೊಂದು.

ನೀವು ಗಮನಿಸಬೇಕಾದ ವಿಷಯ ಇದು. ಮಲ್ಲಿಗೆ ಹೆಚ್ಚು ಬಿಡುವುದು ಬೇಸಿಗೆಯಲ್ಲಿ. ನೆಂಟರು ಬರುವುದೂ ಬೇಸಿಗೆಯಲ್ಲಿ. ಕೊಯ್ಯದೆ ಬಿಟ್ಟರೆ ಮೊಗ್ಗು ಅರಳಿ ಹೋಗುತ್ತದೆ, ಅರಳಿದ ಹೂವಿಗೆ ರೇಟಿಲ್ಲ. ಹಾಗಾಗಿ ನಾವು ನಾದಿನಿಯರೆಲ್ಲ ತವರಿಗೆ ಬರುವ ಹೊತ್ತಿಗೆ, ಈ ಸೊಸೆಗೆ ತನ್ನ ತವರಿಗೆ ಹೋಗಲು ಆಗುವುದೇ ಇಲ್ಲ. ನಿಮ್ಮಲ್ಲಿ ಬೀಡಿ ಕಟ್ಟುವವರಿದ್ದೀರಿ, ಡೈರಿಗೆ ಹಾಲು ಕೊಡುವವರಿದ್ದೀರಿ. ನಿಮ್ಮ ಕಥೆಯೂ ಇದೇ ಅಲ್ಲವೇ?

ಇದು ಒಂದೆರಡು ಮನೆಯ ವಿಷಯ ಅಲ್ಲ. ಕೇಂದ್ರ ಸರಕಾರ 2019ರಲ್ಲಿ ದೇಶದಲ್ಲೆಲ್ಲ ಸಮಯ ಬಳಕೆಯ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಅದೇ ಕೆಲಸ ಮಾಡುವ ಗಂಡಸರು 97 ನಿಮಿಷ. 2024ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಹೆಂಗಸರದು 289, ಗಂಡಸರದು 88. ಐದು ವರ್ಷದಲ್ಲಿ ನಮ್ಮದು ಹತ್ತು ನಿಮಿಷ ಇಳಿಯಿತು, ಅವರದೂ ಒಂಬತ್ತು ನಿಮಿಷ ಇಳಿಯಿತು! ಅಂತರ ಹಾಗೇ ಉಳಿಯಿತು.

ಶಿಬಿರ ಮುಗಿದ ಶನಿವಾರ ರಾತ್ರಿ ಪ್ರಾರ್ಥನೆ ಆದ ಮೇಲೆ ಹುಡುಗ ಆ ಹಾಳೆಯನ್ನು ಗೋಡೆಗೆ ಅಂಟಿಸಿದ. ಎಲ್ಲರೂ ಓದಿದರು. ನನ್ನ ತಮ್ಮ, "ಇಷ್ಟು ವರ್ಷ ಹೀಗೇ ನಡೆದಿದೆಯಲ್ಲ" ಅಂದ. ಆಗ 80 ದಾಟಿದ ನನ್ನ ಅಮ್ಮ ಬಾಯಿ ತೆರೆದರು. "ನಡೆದಿದೆ ಮಗ. ನನ್ನ ತಾಯಿ ತೀರಿಹೋದ ವರ್ಷ ನಾನು ಬೇಸಿಗೆಯಲ್ಲಿ ಹೋಗಿರಲಿಲ್ಲ. ಮನೆಯಲ್ಲಿ ನೆಂಟರಿದ್ದರು" ಅಂದರು. ಅಷ್ಟೇ. ಅಂಗಳದಲ್ಲಿ ಯಾರೂ ಮಾತಾಡಲಿಲ್ಲ.

ಅಣ್ಣ ಕೂಡಲೇ, "ನಾಳೆಯಿಂದ ಹೋಟೆಲಿನಿಂದ ಊಟ ತರಿಸೋಣ" ಅಂದ. ಅಕ್ಕ, "ಪಾತ್ರೆ ನಾನು ತೊಳೆಯುತ್ತೇನೆ" ಅಂದಳು. ಒಳ್ಳೆಯ ಮಾತುಗಳೇ. ಆದರೆ ನಿನಗೇನು ಬೇಕು ಅಂತ ಅವಳನ್ನು ಯಾರೂ ಕೇಳಿರಲಿಲ್ಲ. ಕೇಳಿದಾಗ ಅವಳು ಹೇಳಿದ್ದು, "ನನಗೆ ನಾಲ್ಕು ದಿನ ಅಮ್ಮನ ಹತ್ತಿರ ಹೋಗಿ ಕೂರಬೇಕು." ಅವಳ ತಾಯಿ ಮೂಡುಬಿದಿರೆ ಕಡೆ ಇರುವುದು. ಸೊಂಟದ ಮೂಳೆ ಮುರಿದು ಮಲಗಿ ಏಳು ತಿಂಗಳು. ಮಗಳು ಹೋದದ್ದು ಎರಡು ಸಲ, ಎರಡೂ ಸಲ ಸಂಜೆಯೊಳಗೆ ವಾಪಸು.

ಸೋಮವಾರ ಅವಳು ಹೋದಳು, ಶುಕ್ರವಾರ ಬಂದಳು. ಅಷ್ಟು ದಿನ ಹೂ ಕೊಯ್ದದ್ದು ನಾವು ಮೂವರು ನಾದಿನಿಯರು ಮತ್ತು ಮಕ್ಕಳು. ಅಡುಗೆ ಅಣ್ಣ-ತಮ್ಮಂದಿರದು. ಗಂಜಿ, ಚಟ್ನಿ, ಒಣಮೀನು, ಯಾರೂ ಸಾಯಲಿಲ್ಲ! ಮೊದಲ ದಿನ ನಾವು ಕಟ್ಟಿದ ಹೂವು ಸಡಿಲ ಅಂತ ಏಜೆಂಟರು ರೇಟು ಕಡಿಮೆ ಮಾಡಿದರು. ಮುಂಬೈಯ ಅಕ್ಕ ಬೆರಳು ನೋಡಿಕೊಂಡು, "ಇಷ್ಟು ವರ್ಷ ಇಲ್ಲಿಂದ ಹೂ ಮುಡಿದುಕೊಂಡು ಹೋಗುತ್ತಿದ್ದೆ, ಕಟ್ಟುವ ಕಷ್ಟ ಈಗ ಗೊತ್ತಾಯಿತು" ಅಂದಳು. ಸೊಸೆ ಹಿಂದೆ ಬಂದಾಗ ಏನೂ ದೊಡ್ಡ ಮಾತು ಆಡಲಿಲ್ಲ. "ಅಮ್ಮನ ತಲೆಗೆ ಎಣ್ಣೆ ಹಾಕಿ ಮೀಯಿಸಿದೆ" ಅಂದಳು.

ಅಕ್ಕ-ತಂಗಿಯರೇ, ನಮ್ಮ ತವರು ಅಂದರೆ ಇನ್ನೊಬ್ಬಳ ಗಂಡನ ಮನೆ. ನಮ್ಮ ಗಂಡನ ಮನೆ ಅಂದರೆ ನಮ್ಮ ನಾದಿನಿಯ ತವರು. ನಾವು ಒಂದು ಕಡೆ ಮಗಳು, ಇನ್ನೊಂದು ಕಡೆ ಸೊಸೆ. ಇದು ಕ್ರೈಸ್ತರ ಮನೆಯಲ್ಲಿ ಮಾತ್ರ ಅಲ್ಲ. ನೇಮ, ಕೋಲ, ಜಾತ್ರೆ, ಉರೂಸ್, ಮದುವೆ, ಯಾವುದೇ ಇರಲಿ, ಎಲ್ಲರೂ ಸೇರುವ ಸಂತೋಷದ ಭಾರ ಒಬ್ಬಳ ಬೆನ್ನಿಗೆ ಬೀಳಬಾರದು. ಮಗಳಾಗಿ ಹೋದಾಗ ಸೊಸೆಯ ಕಷ್ಟ ನೆನಪಿದ್ದರೆ, ಅರ್ಧ ಕೆಲಸ ಆದ ಹಾಗೆ. ಉಳಿದರ್ಧ ಗಂಡಸರದು, ಮಕ್ಕಳದು.

ಹಣದ ಬಗ್ಗೆಯೂ ಒಂದು ಮಾತು. ನೆಂಟರು ಸೇರಿದ ಖರ್ಚಿಗೆ ಸಂಘದಿಂದ ಸಾಲ ತೆಗೆದವರಿದ್ದೀರಿ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿಯಲ್ಲಿ 10,000 ತೆಗೆದು, ತಿಂಗಳಿಗೆ 1,000 ಅಸಲು ಕಟ್ಟಿದರೆ ಹತ್ತು ತಿಂಗಳಿಗೆ ಬಡ್ಡಿ 550. ಬಡ್ಡಿ ದೊಡ್ಡದಲ್ಲ, ಆದರೆ ಜೂನಿನಲ್ಲಿ ಫೀಸಿಗೆ, ಪುಸ್ತಕಕ್ಕೆ ಸಾಲ ಕೇಳುವಾಗ ಹಳೆಯ ಸಾಲ ಬಾಕಿ ನಿಂತಿರುತ್ತದೆ. ನಮ್ಮ ಮನೆಯವರು ಈಗ ಮಾಡಿಕೊಂಡದ್ದು ಇಷ್ಟು: ಜುಲೈಯಿಂದ ಏಪ್ರಿಲ್‌ವರೆಗೆ ನಾಲ್ಕು ಸಂಸಾರದವರು ತಿಂಗಳಿಗೆ 200 ರೂಪಾಯಿ ತೆಗೆದಿಡುವುದು. ಹತ್ತು ತಿಂಗಳಲ್ಲಿ 8,000. ಬೇಸಿಗೆಯ ಅಕ್ಕಿ, ಮೀನು, ಗ್ಯಾಸಿಗೆ ಅದೇ ಆಧಾರ. ಹಣ ಇರುವುದು ಸೊಸೆಯ ಕೈಯಲ್ಲಿ.

ಮುಂದಿನ ವಾರದ ಸಭೆಯಲ್ಲಿ ಈ ಪ್ರಶ್ನೆಗಳನ್ನು ಚರ್ಚಿಸಿ, ನಿರ್ಣಯ ಪುಸ್ತಕದಲ್ಲಿ ಬರೆಯಿರಿ:

1. ನಮ್ಮ ಸಂಘದಲ್ಲಿ ಈ ಬೇಸಿಗೆಯಲ್ಲಿ ತವರಿಗೆ ಹೋಗಲು ಆಗದವರು ಎಷ್ಟು ಮಂದಿ? ಕಾರಣವೇನು?
2. ಅವರು ನಾಲ್ಕು ದಿನ ಹೋದರೆ ಹಾಲು ಕರೆಯಲು, ಬೀಡಿ ಎಲೆ ನೋಡಿಕೊಳ್ಳಲು, ಹೂ ಕೊಯ್ಯಲು ಯಾರು ಸಿಗುತ್ತಾರೆ? ಸಂಘದವರೇ ಸರದಿಯಲ್ಲಿ ಮಾಡಬಹುದೇ?
3. ನಮ್ಮ ಮಗ ಅಮ್ಮನ ಗಡಿಯಾರ ತುಂಬಿಸಬಲ್ಲನೇ? ಒಂದು ಹಾಳೆ ಕೊಟ್ಟು ನೋಡಿ.

ತವರಿಗೆ ಹೋಗಲು ಬೇಸಿಗೆಯೇ ಆಗಬೇಕೆಂದಿಲ್ಲ. ಈಗ ಮಳೆಗಾಲ, ಮಲ್ಲಿಗೆಯೂ ಕಡಿಮೆ, ನೆಂಟರೂ ಇಲ್ಲ. ತಾಯಿ ಇದ್ದವರು ಹೋಗಿ ನೋಡಿಕೊಂಡು ಬನ್ನಿ.